‘1000 ಮೀಟರ್’ ಲೇಸರ್ ರೇಂಜ್‌ಫೈಂಡರ್: ಡಬ್ಬಿಯ ಮೇಲಿನ ದೂರ ನಿಜವೇ? ಬೇಟೆಗೆ ಬಳಸಬಹುದೇ?

“ಕಡಿಮೆ ಬೆಲೆ, 1000 ಮೀಟರ್‌ವರೆಗೂ ಪಕ್ಕಾ ದೂರ, ಬಿಲ್ಲು-ರೈಫಲ್ ಬೇಟೆಗೆ ಹೇಳಿ ಮಾಡಿಸಿದ್ದು!” ಲೇಸರ್ ರೇಂಜ್‌ಫೈಂಡರ್ ಬಗ್ಗೆ ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅಮೆರಿಕದಂತೆ ಲೈಸೆನ್ಸ್ ಪಡೆದು ಬೇಟೆಯಾಡಬಹುದಾದ ದೇಶಗಳಲ್ಲಿ ಇದು ಮಾಮೂಲಿ ಜಾಹೀರಾತು. ಅದೇ ವಿಡಿಯೊ ಸಂಡೂರು ತಾಲ್ಲೂಕಿನ ಚೋರನೂರಿನ ಕಡೆ, ಹಂದಿ ಕಾಟಕ್ಕೆ ಬೇಸತ್ತ ರೈತರ ವಾಟ್ಸಾಪ್ ಗುಂಪಿಗೆ ಬಂದರೆ? ದುಡ್ಡು ಕಳೆದುಕೊಳ್ಳುವುದಷ್ಟೇ ಅಲ್ಲ, ಜೈಲು ಸೇರುವ ಅಪಾಯವೂ ಇದೆ. ಹಾಗಾಗಿ ಎರಡೂ ಪ್ರಶ್ನೆಗಳನ್ನು ನಾವು ಇಲ್ಲಿ ಬಿಡಿಸಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ಬಟನ್ ಒತ್ತಿದಾಗ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಮಿಡಿತ ಹೊರಡುತ್ತದೆ. ಎದುರಿನ ವಸ್ತುವಿಗೆ ಬಡಿದು ಅದರಲ್ಲೊಂದಿಷ್ಟು ಬೆಳಕು ವಾಪಸ್ ಬರುತ್ತದೆ. ಹೋಗಿ ಬರಲು ತಗುಲಿದ ಸಮಯದಿಂದ ಉಪಕರಣ ದೂರ ಲೆಕ್ಕ ಹಾಕುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹಾಗಾಗಿ 150 ಮೀಟರ್ ದೂರದ ಮರಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಸಾಕು.

ಡಬ್ಬಿಯ ಮೇಲಿನ ದೂರ ನಿಜವೇ?

ಅರ್ಧ ಸತ್ಯ. ಆ ಸಂಖ್ಯೆ ಸಾಮಾನ್ಯವಾಗಿ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುವ ಫಲಕಕ್ಕೆ ಸಂಬಂಧಿಸಿದ್ದು. ಮರ, ಮಣ್ಣು, ಪ್ರಾಣಿಯ ಮೈ ಅಷ್ಟು ಬೆಳಕನ್ನು ಹಿಂದಿರುಗಿಸುವುದಿಲ್ಲ. ಉದಾಹರಣೆಗೆ, ಲ್ಯೂಪೋಲ್ಡ್ ಕಂಪನಿಯ ಆರ್‌ಎಕ್ಸ್-1400ಐ ಮಾದರಿಗೆ ಕಂಪನಿಯೇ ಕೊಡುವ ಲೆಕ್ಕ ಹೀಗಿದೆ: ಹೊಳೆಯುವ ಫಲಕಕ್ಕೆ 1400 ಗಜ, ಮರಕ್ಕೆ 1200 ಗಜ, ಜಿಂಕೆಗೆ 900 ಗಜ. ಗಜ ಎಂದರೆ 0.9144 ಮೀಟರ್. ಅಂದರೆ ಹೆಸರಿನಲ್ಲಿರುವ 1400, ಜಿಂಕೆಯ ಮಟ್ಟಿಗೆ ಸುಮಾರು 820 ಮೀಟರ್. ಮಂಜು, ಮಳೆ, ಗಣಿ ರಸ್ತೆಯ ಕೆಂಧೂಳು ಇದ್ದರೆ ಇನ್ನೂ ಕಡಿಮೆ.

ಬೇಟೆಗೆ ಬಳಸಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. “ಬಿಲ್ಲಿಗೆ ಲೈಸೆನ್ಸ್ ಬೇಡ, ಹಾಗಾಗಿ ತಪ್ಪಿಲ್ಲ” ಎನ್ನುವುದು ಸುಳ್ಳು. ಕಾಯ್ದೆ ನೋಡುವುದು ಕೃತ್ಯವನ್ನು. ಬಂದೂಕು, ಬಿಲ್ಲು, ಉರುಳು ಯಾವುದಾದರೂ ಒಂದೇ. ಪ್ರಾಣಿ ಸಾಯಲೇಬೇಕೆಂದೂ ಇಲ್ಲ, ಪ್ರಯತ್ನವೂ ಬೇಟೆಯೇ.

ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕಮಲಾಪುರದ ಬಳಿಯ ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾಗಿದ್ದು ಕರಡಿಗಳಿಗಾಗಿಯೇ. ಕರಡಿ, ಚಿರತೆ ಎರಡೂ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಇವನ್ನು ಬೇಟೆಯಾಡಿದರೆ, ಅಥವಾ ಅಭಯಾರಣ್ಯದೊಳಗೆ ಯಾವುದೇ ಬೇಟೆಯಾಡಿದರೆ, 3ರಿಂದ 7 ವರ್ಷ ಜೈಲು ಮತ್ತು ಕನಿಷ್ಠ 25,000 ರೂಪಾಯಿ ದಂಡ.

ಹಂದಿ ಬೆಳೆ ತಿಂದರೆ ಏನು ಮಾಡಬೇಕು? ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ರಾತ್ರಿ ಮೆಕ್ಕೆಜೋಳದ ಹೊಲದಲ್ಲಿ ಅಲುಗಿದ್ದು ಹಂದಿಯೋ ಕಾವಲಿಗೆ ಬಂದ ಪಕ್ಕದ ಹೊಲದವರೋ ಎಂದು ರೇಂಜ್‌ಫೈಂಡರ್ ಹೇಳುವುದಿಲ್ಲ, ದೂರವನ್ನಷ್ಟೇ ಹೇಳುತ್ತದೆ. ಹಾನಿಯಾದ ಬೆಳೆಯ ಫೋಟೊ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಿ. ಇಲಾಖೆಯ ಸಹಾಯವಾಣಿ 1926.

ಹಾಗಾದರೆ ಯಾರಿಗೆ ಉಪಯೋಗ?

ವನ್ಯಜೀವಿ ಸಮೀಕ್ಷೆ ಮಾಡುವವರಿಗೆ, ಪಕ್ಷಿ ವೀಕ್ಷಕರಿಗೆ, ಪೈಪ್‌ಲೈನ್ ಅಥವಾ ಬೇಲಿಯ ಅಂದಾಜು ಉದ್ದ ನೋಡುವವರಿಗೆ. ಹುಲಿ ಗಣತಿಯಲ್ಲಿ ಜಿಂಕೆಯಂಥ ಪ್ರಾಣಿಗಳು ಸಿಬ್ಬಂದಿಯಿಂದ ಎಷ್ಟು ದೂರದಲ್ಲಿವೆ ಎಂದು ಅಳೆಯುವುದು ಇದರಿಂದಲೇ. ಒಲಿಂಪಿಕ್ ಬಿಲ್ಲುಗಾರಿಕೆಯ ರಿಕರ್ವ್ ಸ್ಪರ್ಧೆಗೆ ಇದು ಬೇಕಿಲ್ಲ. ಅಲ್ಲಿ ಗುರಿಯ ದೂರ 70 ಮೀಟರ್ ಎಂದು ಮೊದಲೇ ನಿಗದಿ.

ಕೊಳ್ಳುವ ಮುನ್ನ ಏನು ನೋಡಬೇಕು?

• ‘ಮರಕ್ಕೆ ಎಷ್ಟು ದೂರ’ ಎಂಬ ಸಂಖ್ಯೆ ಕೇಳಿ. ಫಲಕದ ಸಂಖ್ಯೆಯನ್ನು ಮಾತ್ರ ಕೊಟ್ಟಿದ್ದರೆ ಅರ್ಧದಷ್ಟೇ ನಂಬಿ.
• ಗಜದಿಂದ ಮೀಟರ್‌ಗೆ ಬದಲಿಸುವ ಸೌಲಭ್ಯ ಇರಲಿ. ನೂರು ಗಜ ಎಂದರೆ 91.44 ಮೀಟರ್ ಮಾತ್ರ.
• ಗಾಲ್ಫ್ ಮಾದರಿ ಅಗ್ಗವಾಗಿ ಸಿಕ್ಕರೂ ಯೋಚಿಸಿ. ಅದರ ‘ಸ್ಲೋಪ್’ ಲೆಕ್ಕ ಚೆಂಡಿಗಾಗಿ ಮಾಡಿದ್ದು, ಏರಿನಲ್ಲಿ ದೂರವನ್ನು ಹೆಚ್ಚಿಸಿ ತೋರಿಸುತ್ತದೆ. ನೆಲದ ಅಳತೆಗೆ ಬೇಕಾದ ಅಡ್ಡ ದೂರ ಯಾವಾಗಲೂ ಕಡಿಮೆಯೇ: 30 ಡಿಗ್ರಿ ಏರಿನಲ್ಲಿ 40 ಮೀಟರ್ ಬಂದರೆ, ಅಡ್ಡ ದೂರ ಸುಮಾರು 34.6 ಮೀಟರ್.
• ಹುಲ್ಲು, ಪೊದೆಗಳ ನಡುವೆ ಹತ್ತಿರದ ವಸ್ತುವನ್ನು ಬಿಟ್ಟು ಹಿಂದಿನದನ್ನು ಅಳೆಯುವ ಆಯ್ಕೆ ಇರಲಿ.
• ಲೇಸರ್ ‘ಕ್ಲಾಸ್ 1’ ಎಂದು ನಮೂದಾಗಿರಬೇಕು. ಸಾಮಾನ್ಯ ಬಳಕೆಯಲ್ಲಿ ಕಣ್ಣಿಗೆ ಸುರಕ್ಷಿತ ಎಂಬುದು ಇದರ ಅರ್ಥ.
• ಕೊಂಡ ದಿನವೇ ಟೇಪ್‌ನಿಂದ 50 ಮೀಟರ್ ಅಳೆದು ತಾಳೆ ನೋಡಿ. ತಪ್ಪಿದ್ದರೆ ವಾಪಸ್ ಮಾಡಬಹುದು.

ಕೋಣೆ, ಗೋಡೆ ಅಳೆಯಲು ಇದು ಬೇಡ. ಕೆಂಪು ಚುಕ್ಕೆಯ ಲೇಸರ್ ಮೀಟರ್ ಸಾಕು. ಜಮೀನಿನ ಹದ್ದುಬಸ್ತಿಗೆ ಎರಡೂ ನಡೆಯುವುದಿಲ್ಲ. ಅದಕ್ಕೆ ಸರ್ವೆ ಇಲಾಖೆಯ ಅಳತೆಯೇ ಬೇಕು.

ಒಟ್ಟಿನಲ್ಲಿ: ರೇಂಜ್‌ಫೈಂಡರ್ ಒಳ್ಳೆಯ ಅಳತೆಗೋಲು. ‘1000 ಮೀಟರ್’ ಅರ್ಧ ಸತ್ಯ, ‘ಬೇಟೆಗೆ ಬಳಸಿ’ ಎನ್ನುವುದು ನಮ್ಮಲ್ಲಿ ಅಪರಾಧಕ್ಕೆ ದಾರಿ. ಆ ವಿಡಿಯೊ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ ಸಹಾಯವಾಣಿ ಸಂಖ್ಯೆ ಹಾಕಿ.