ಅರಗು ಮತ್ತು ಬೆಸುಗೆ: ಕಣವೇಗವರ್ಧಕ ಯಂತ್ರಗಳ ಚರಿತ್ರೆಯಿಂದ

ಪರಮಾಣುವಿನ ಗರ್ಭವನ್ನು ಭೇದಿಸಿದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸಿದ್ಧಾಂತಕಾರರ ಹೆಸರುಗಳನ್ನೂ ಪಾರಿತೋಷಕಗಳ ವರ್ಷಗಳನ್ನೂ ಹೇಳಿ ಮುಗಿಸುವುದು ರೂಢಿ. ಅದಕ್ಕೆ ಬೇಕಾದ ಯಂತ್ರವನ್ನು ಕಟ್ಟಿದವರಾರು, ಅದು ಕೆಟ್ಟಾಗ ಸರಿಪಡಿಸಿದವರಾರು ಎಂಬ ಪ್ರಶ್ನೆ ಹಿಂದುಳಿಯುತ್ತದೆ. ಈ ಯಂತ್ರಗಳ ಚರಿತ್ರೆಯನ್ನು ಓದುತ್ತ ಹೋದಂತೆ ನಮಗೆ ತೋರುವುದೇನೆಂದರೆ, ಇವುಗಳ ಜಯಾಪಜಯಗಳು ಬಹುಮಟ್ಟಿಗೆ ಎರಡು ಭಾಗಗಳು ಕೂಡುವ ಸಂದಿನಲ್ಲಿಯೇ ನಿರ್ಧಾರವಾಗಿವೆ.

ತತ್ತ್ವವೇನೋ ಕಠಿನವಲ್ಲ. ವಿದ್ಯುದಾವೇಶವುಳ್ಳ ಕಣವನ್ನು ವಿದ್ಯುತ್ತಿನ ಒತ್ತಡವು ಮುಂದಕ್ಕೆ ನೂಕುತ್ತದೆ. ಅಯಸ್ಕಾಂತವು ಅದರ ದಾರಿಯನ್ನು ಬಾಗಿಸುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿದ್ದ ಅರ್ನೆಸ್ಟ್ ಲಾರೆನ್ಸ್ ಅವರಿಗೆ 1929ರಲ್ಲಿ ಒಂದು ಉಪಾಯ ಹೊಳೆಯಿತು. ಕಣವನ್ನು ಒಂದೇ ಪೆಟ್ಟಿಗೆ ಓಡಿಸಬೇಕಾಗಿಲ್ಲ. ಅಯಸ್ಕಾಂತದ ಧ್ರುವಗಳ ನಡುವೆ ಸುತ್ತಿಸುತ್ತ ಸುತ್ತಿಗೆ ಎರಡು ಸಲ ಸಣ್ಣ ನೂಕು ಕೊಟ್ಟರೆ ಸಾಕು. ಉಯ್ಯಾಲೆಯನ್ನು ತೂಗುವವರೆಲ್ಲರೂ ಬಲ್ಲ ಸಂಗತಿಯಿದು. ಸೈಕ್ಲೋಟ್ರಾನ್ ಹುಟ್ಟಿದುದು ಹೀಗೆ.

ಈ ಉಪಾಯವನ್ನು ಲೋಹದಲ್ಲಿ ಮೂಡಿಸಿದವರು ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ಎಂಬ ವಿದ್ಯಾರ್ಥಿ. ನಾಲ್ಕೂವರೆ ಅಂಗುಲ ಅಡ್ಡಳತೆಯ ಒಂದು ಹಿತ್ತಾಳೆಯ ಡಬ್ಬಿ. ಅದರ ಸಂದುಗಳಿಗೆ ಮುದ್ರೆಯ ಅರಗು. ಡಬ್ಬಿಯೊಳಗಣ ಗಾಳಿಯನ್ನು ಪಂಪಿನಿಂದ ಹೀರಿ ತೆಗೆಯಬೇಕು. ಗಾಳಿ ಉಳಿದರೆ ಕಣವು ಅದರ ಅಣುಗಳನ್ನು ಹಾಯ್ದು ದಾರಿ ತಪ್ಪುವುದು. 1931ರ ಜನವರಿಯಲ್ಲಿ ಈ ಅರಗಿನ ಡಬ್ಬಿಯು, 2,000 ವೋಲ್ಟಿಗೂ ಕಡಿಮೆಯಾದ ಒತ್ತಡವನ್ನು ಬಳಸಿ, ಜಲಜನಕದ ಅಯಾನುಗಳಿಗೆ 80,000 ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯನ್ನು ಕೊಟ್ಟಿತು. ಮುಂದಿನ ಹನ್ನೊಂದು ಅಂಗುಲದ ಯಂತ್ರದಲ್ಲಿ ಅಯಸ್ಕಾಂತದ ಬಲವು ಎಲ್ಲೆಡೆಯೂ ಬೇಕಾದಂತಿರಲಿಲ್ಲ. ಕಣಗಳು ನಡುದಾರಿಯಲ್ಲೇ ಚದರಿಹೋಗುತ್ತಿದ್ದವು. ಲಿವಿಂಗ್‌ಸ್ಟನ್ನರು ತೆಳುವಾದ ಕಬ್ಬಿಣದ ತಗಡನ್ನು ಕತ್ತರಿಸಿ, ಧ್ರುವಕ್ಕೂ ಡಬ್ಬಿಗೂ ನಡುವೆ ತೂರಿಸಿ, ತೆಗೆದು, ಮತ್ತೆ ತೂರಿಸಿ ಅದನ್ನು ಸರಿಗೊಳಿಸಿದರು. 1932ರಲ್ಲಿ ಯಂತ್ರವು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟನ್ನು ದಾಟಿತು. 1939ರ ನೊಬೆಲ್ ಪಾರಿತೋಷಕವು ಲಾರೆನ್ಸರೊಬ್ಬರಿಗೇ ಸಂದಿತು. ಇದನ್ನು ನ್ಯಾಯವೆನ್ನಲು ನಮ್ಮ ಮನಸ್ಸು ಒಪ್ಪದು.

ಅದೇ 1932ರ ಏಪ್ರಿಲಿನಲ್ಲಿ ಕೇಂಬ್ರಿಜ್ಜಿನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಅವರು ನೇರವಾದ ಗಾಜಿನ ಕೊಳವೆಯನ್ನು ಬಳಸಿ ಲಿಥಿಯಮ್ ಬೀಜವನ್ನು ಒಡೆದರು. ಆ ಕೊಳವೆಯ ಸಂದುಗಳನ್ನು ಮುಚ್ಚಿದುದು ಮಕ್ಕಳು ಗೊಂಬೆ ಮಾಡುವ ಪ್ಲಾಸ್ಟಿಸೀನಿನಂತಹ ಮೆತ್ತನೆಯ ಪದಾರ್ಥ!

ನಿರ್ವಾತದ ಬೆಲೆ ಎಷ್ಟೆಂಬುದನ್ನು ನಮ್ಮ ದೇಶವೂ ಬೇಗನೆ ಅರಿಯಿತು. ಮೇಘನಾದ ಸಹಾ ಅವರು ಕಲ್ಕತ್ತೆಯಲ್ಲಿ ಸೈಕ್ಲೋಟ್ರಾನನ್ನು ಸ್ಥಾಪಿಸಬೇಕೆಂದು ತಮ್ಮ ಶಿಷ್ಯ ನಾಗ್‌ಚೌಧುರಿಯವರನ್ನು ಲಾರೆನ್ಸರ ಬಳಿಗೆ ಕಳುಹಿಸಿದ್ದರು. ಅವರು 1941ರಲ್ಲಿ ಹಿಂತಿರುಗಿದರು. ಅಯಸ್ಕಾಂತದ ಭಾಗಗಳೂ ಬಂದು ಸೇರಿದವು. ಪಂಪುಗಳನ್ನು ಹೊತ್ತ ಹಡಗು ಮಾತ್ರ ಯುದ್ಧದಲ್ಲಿ ಸಮುದ್ರದ ಪಾಲಾಯಿತು. ಟನ್ನುಗಟ್ಟಲೆ ಕಬ್ಬಿಣವಿದ್ದೂ ಗಾಳಿ ತೆಗೆಯುವ ಸಾಧನವಿಲ್ಲದೆ ಆ ಯಂತ್ರವು ಬಹುವರ್ಷ ಮೂಕವಾಗಿತ್ತು.

ಇನ್ನು ಜಿನೀವಾ ನಗರದ ಬಳಿ, ನೆಲದಡಿಯಲ್ಲಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿರುವ ಮಹಾಯಂತ್ರಕ್ಕೆ ಬರೋಣ. ಕಣಗಳ ದಾರಿಯನ್ನು ಬಾಗಿಸಲು ಅಲ್ಲಿ 1,232 ಅಯಸ್ಕಾಂತಗಳುಂಟು. ಒಂದೊಂದೂ 15 ಮೀಟರು ಉದ್ದ, ಸುಮಾರು 35 ಟನ್ನು ತೂಕ. ಅವುಗಳನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕೂಡಿಸುವ ಜಾಕುಗಳು, ಸುಮಾರು 7,000, ನಮ್ಮ ದೇಶದಲ್ಲಿ, ಬೆಂಗಳೂರು ಮತ್ತು ಇಂದೋರಿನ ಕಾರ್ಖಾನೆಗಳಲ್ಲಿ, ತಯಾರಾದುವು ಎಂಬುದನ್ನು ಇಲ್ಲಿ ಹೇಳದಿರಲಾರೆವು. ಅಯಸ್ಕಾಂತಗಳ ತಂತಿಯನ್ನು ದ್ರವಹೀಲಿಯಮ್ಮಿನಿಂದ ಶೂನ್ಯಕ್ಕಿಂತ 271 ಡಿಗ್ರಿ ಕೆಳಗೆ ತಣಿಸುತ್ತಾರೆ. ಆಗ ಅದು ವಿದ್ಯುತ್ತಿಗೆ ಎಳ್ಳಷ್ಟೂ ತಡೆಯೊಡ್ಡುವುದಿಲ್ಲ. ಆದರೆ ಒಂದು ಅಯಸ್ಕಾಂತದಿಂದ ಇನ್ನೊಂದಕ್ಕೆ ಪ್ರವಾಹ ಹರಿಯಬೇಕಾದರೆ ತಂತಿಗೆ ತಂತಿಯನ್ನು ಬೆಸೆಯಲೇಬೇಕಷ್ಟೆ? ಅಂತಹ ಬೆಸುಗೆಗಳು 10,000ಕ್ಕೂ ಮಿಕ್ಕಿದ್ದವು.

2008ರ ಸೆಪ್ಟೆಂಬರ್ 10ರಂದು ಯಂತ್ರದಲ್ಲಿ ಕಣಗಳು ಮೊದಲ ಬಾರಿಗೆ ಪೂರ್ಣಪ್ರದಕ್ಷಿಣೆ ಮಾಡಿದವು, ಲೋಕವೆಲ್ಲ ಕೊಂಡಾಡಿತು. ಒಂಬತ್ತು ದಿನಗಳ ಮೇಲೆ, ಕಣಗಳಿಲ್ಲದೆ ಬರಿಯ ಪ್ರವಾಹವನ್ನು ಏರಿಸಿ ಪರೀಕ್ಷಿಸುತ್ತಿದ್ದಾಗ, 8,700 ಆಂಪಿಯರಿನ ಹತ್ತಿರ ಒಂದು ಬೆಸುಗೆ ಬಿಟ್ಟುಕೊಟ್ಟಿತು. ಕಿಡಿಯು ಹೀಲಿಯಮ್ಮಿನ ಕವಚವನ್ನು ತೂತುಮಾಡಿತು. ಸುಮಾರು ಆರು ಟನ್ನು ಹೀಲಿಯಮ್ ಹೊರನುಗ್ಗಿತು. ಅದರ ಒತ್ತಡಕ್ಕೆ ಭಾರಿ ಅಯಸ್ಕಾಂತಗಳು ಆಧಾರಗಳಿಂದ ಕದಲಿದವು. ಕಣಗಳು ಹರಿಯುವ ಶುಭ್ರವಾದ ಕೊಳವೆಯೊಳಗೆ ಮಸಿ ಹರಡಿತು.

ಆಮೇಲೆ ಹಳೆಯ ದಾಖಲೆಗಳನ್ನು ತೆಗೆದು ನೋಡಲಾಗಿ, ಕೆಲವು ದಿನ ಮೊದಲೇ ಆ ಜಾಗದಲ್ಲಿ ಸುಮಾರು 10 ವಾಟಿನಷ್ಟು ಶಾಖ ಹುಟ್ಟುತ್ತಿದ್ದುದು ಕಂಡುಬಂದಿತು. ಮಲಗುವ ಕೋಣೆಯ ಸಣ್ಣ ದೀಪದಷ್ಟು ಶಾಖ! ಮಾಪಕಗಳು ಅದನ್ನು ಬರೆದಿಟ್ಟಿದ್ದವು. ಕೇಳಿ ಓದುವವರು ಬೇಕಾಗಿತ್ತು. ಶಾಖವನ್ನು ಹುಡುಕಿ ನೋಡುವ ಕ್ರಮವು ಆ ಬಳಿಕವಷ್ಟೇ ನೆಲೆಗೊಂಡಿತು.

53 ಅಯಸ್ಕಾಂತಗಳನ್ನು ಸುರಂಗದಿಂದ ಮೇಲಕ್ಕೆ ತಂದರು. 2009ರ ನವೆಂಬರಿನಲ್ಲಿ ಯಂತ್ರವು ಪುನಃ ತಿರುಗಿತು. ಆದರೆ ಉಳಿದ ಬೆಸುಗೆಗಳ ಮೇಲೆ ಪೂರ್ಣ ಭರವಸೆಯಿಲ್ಲದ ಕಾರಣ, 2010ರಿಂದ ಅದನ್ನು ಉದ್ದೇಶಿತ ಶಕ್ತಿಯ ಅರ್ಧದಷ್ಟಕ್ಕೇ ನಡೆಸಿದರು. 2012ರಲ್ಲಿಯೂ ಅಲ್ಪವಾಗಿಯಷ್ಟೇ ಏರಿಸಿದರು. ಆ ವರ್ಷದ ಜುಲೈ 4ರಂದು ಪ್ರಕಟವಾದ ಹಿಗ್ಸ್ ಕಣದ ಶೋಧವು ಹೀಗೆ ತಡೆಹಿಡಿದು ನಡೆಸಿದ ಯಂತ್ರದ ಫಲ. ಅನಂತರ 2013ರಿಂದ ಎರಡು ವರ್ಷ ಯಂತ್ರವನ್ನು ನಿಲ್ಲಿಸಿ, ಕೆಲಸಗಾರರು ಸುರಂಗದಲ್ಲಿ ಬೆಸುಗೆಯಿಂದ ಬೆಸುಗೆಗೆ ನಡೆದು, ಒಂದೊಂದನ್ನೂ ತೆರೆದು, ಅಳೆದು, ಕೆಟ್ಟುದನ್ನು ಮತ್ತೆ ಬೆಸೆದು, ಮೇಲೆ ತಾಮ್ರದ ಪಟ್ಟಿಗಳನ್ನು ಸೇರಿಸಿ ಮುಚ್ಚಿದರು.