ಅಶೋಕ: ಚಂಡಾಶೋಕ ಧರ್ಮಾಶೋಕನಾದ ಕಥನ

ಮೌರ್ಯ ಚಕ್ರವರ್ತಿ ಅಶೋಕ (ಆಳ್ವಿಕೆ ಸು. ಕ್ರಿ.ಪೂ. 268–232) ಕ್ರೂರ ದೊರೆಯಾಗಿದ್ದು ಮುಂದೆ ಧರ್ಮಿಷ್ಠನಾದನೆಂಬ ಕಥೆ ಎರಡು ದಾರಿಗಳಲ್ಲಿ ನಮ್ಮವರೆಗೆ ಬಂದಿದೆ. ಒಂದು ಬೌದ್ಧ ಕಥನಗಳದ್ದು, ಇನ್ನೊಂದು ಅವನೇ ಬರೆಸಿದ ಶಾಸನಗಳದ್ದು.

ಸಂಸ್ಕೃತದ ‘ಅಶೋಕಾವದಾನ’ದ ಪ್ರಕಾರ, ಅವನು ಹೊರನೋಟಕ್ಕೆ ಚೆಲುವಾದ, ಒಳಗೆ ನರಕವೇ ಆದ ಸೆರೆಮನೆಯೊಂದನ್ನು ಕಟ್ಟಿಸಿ ಗಿರಿಕನೆಂಬ ಕ್ರೂರಿಗೆ ಒಪ್ಪಿಸಿದ್ದ. ಅಲ್ಲಿ ಕುದಿಯುವ ಕೊಪ್ಪರಿಗೆಯಲ್ಲೂ ಬೇಯದೆ ಉಳಿದ ಸಮುದ್ರನೆಂಬ ಭಿಕ್ಷುವನ್ನು ಕಂಡು ಅಶೋಕನ ಮನಸ್ಸು ತಿರುಗಿತು. ಸಿಂಹಳದ ‘ಮಹಾವಂಸ’ವು ಅವನು 99 ಸೋದರರನ್ನು ಕೊಂದನೆನ್ನುತ್ತದೆ, ಅವನನ್ನು ಬದಲಿಸಿದವನು ಹತನಾದ ಅಣ್ಣನ ಮಗ, ಬಾಲಸಂನ್ಯಾಸಿ ನಿಗ್ರೋಧ. ಅಶೋಕನ ಐದನೆಯ ಬಂಡೆಶಾಸನವೇ ಅವನ ಸೋದರ ಸೋದರಿಯರ ಮನೆಗಳನ್ನು ಹೆಸರಿಸುವುದರಿಂದ ಆ 99ರ ಲೆಕ್ಕವನ್ನು ನಂಬುವುದು ಕಷ್ಟ. ಮೊದಲಿನ ಕೇಡು ಎಷ್ಟು ಘೋರವೋ ಬುದ್ಧನ ಮಾತಿನ ಮಹಿಮೆ ಅಷ್ಟು ದೊಡ್ಡದು ಎಂಬುದು ಕಥೆಗಾರರ ಉದ್ದೇಶವಾಗಿತ್ತು. ಅಚ್ಚರಿಯೆಂದರೆ ಈ ಎರಡೂ ಕಥನಗಳಲ್ಲಿ ಕಳಿಂಗ ಯುದ್ಧವಿಲ್ಲ.

ಕಳಿಂಗ ಬರುವುದು ಹದಿಮೂರನೆಯ ಬಂಡೆಶಾಸನದಲ್ಲಿ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ ನಡೆದ ಆ ಯುದ್ಧದಲ್ಲಿ ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಮಂದಿ ಸತ್ತರು. ಗೆದ್ದ ರಾಜ ತನ್ನ ಗೆಲುವಿಗಾಗಿ ಮರುಗಿದ್ದನ್ನು ಕಲ್ಲಿನಲ್ಲಿ ಕೊರೆಸಿದ ಇಂಥ ಉದಾಹರಣೆ ಪ್ರಾಚೀನ ಜಗತ್ತಿನಲ್ಲಿ ತೀರ ಅಪರೂಪ. ಹಾಗೆಂದು ಅವನು ಬಲವನ್ನು ಕೈಬಿಡಲಿಲ್ಲ: ಅದೇ ಶಾಸನ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ.

ಅಧಿಕಾರವನ್ನು ಒಳಿತಿಗೆ ಬಳಸುವುದನ್ನು ಅವನು ಒಂದೇ ದಿನದಲ್ಲಿ ಕಲಿಯಲಿಲ್ಲ. ಬೌದ್ಧ ಉಪಾಸಕನಾದ ಮೇಲೂ ವರ್ಷದಷ್ಟು ಕಾಲ ತನ್ನಲ್ಲಿ ಹೆಚ್ಚಿನ ಉತ್ಸಾಹವಿರಲಿಲ್ಲವೆಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆಮೇಲಿನದು ಆಡಳಿತದ ಕೆಲಸ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದ, ಔಷಧಿ ಗಿಡ ನೆಡಿಸಿದ, ದಾರಿಯುದ್ದಕ್ಕೂ ಬಾವಿ ತೋಡಿಸಿದ. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಅಹವಾಲು ತನಗೆ ತಲುಪಬೇಕೆಂದು ಆಜ್ಞೆ ಮಾಡಿದ. ಪಟ್ಟಾಭಿಷೇಕವಾಗಿ ಹದಿಮೂರು ವರ್ಷಗಳಾಗಿದ್ದಾಗ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ. ಮರಣದಂಡನೆಯನ್ನು ರದ್ದುಮಾಡಲಿಲ್ಲ; ಶಿಕ್ಷೆ ಘೋಷಣೆಯಾದವರಿಗೆ ಮೂರು ದಿನಗಳ ಗಡುವು ಕೊಟ್ಟ, ಬಂಧುಗಳು ಅವರ ಪ್ರಾಣಭಿಕ್ಷೆಗಾಗಿ ಮೊರೆಯಿಡಲೆಂದು. ಚಂಡಾಶೋಕನ ರೋಚಕ ಕಥೆಗಿಂತ ಈ ಮೂರು ದಿನಗಳೇ ಅವನ ಹಿರಿಮೆಯನ್ನು ಹೆಚ್ಚು ಬಲವಾಗಿ ತೋರಿಸುತ್ತವೆ.

ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಯುದ್ಧದ ಶಾಸನವನ್ನು ಕೆತ್ತಿಸಲಿಲ್ಲ. ಸೋತ ಜನರ ಮುಂದೆ ಸಾವಿನ ಲೆಕ್ಕ ಹೇಳುವುದು ಬೇಡವೆನಿಸಿರಬಹುದು. ಬದಲಿಗೆ ಎರಡು ಪ್ರತ್ಯೇಕ ಶಾಸನಗಳಿವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆನ್ನುವ ಅವು, ಯಾರನ್ನೂ ಕಾರಣವಿಲ್ಲದೆ ಬಂಧಿಸಬಾರದು, ಹಿಂಸಿಸಬಾರದು ಎಂದು ಅಧಿಕಾರಿಗಳನ್ನು ಎಚ್ಚರಿಸುತ್ತವೆ. ತಪಾಸಣೆಗಾಗಿ ಐದು ವರ್ಷಕ್ಕೊಮ್ಮೆ ಮೃದುಸ್ವಭಾವದ ಅಧಿಕಾರಿಯನ್ನು ಕಳಿಸುವುದಾಗಿಯೂ ತಿಳಿಸುತ್ತವೆ. ಕಳಿಂಗದ ಹೊರಗೆ ಇವು ದೊರೆತಿರುವುದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಿದಾಗ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ರಾಜ. ಅವನೇ ಅಶೋಕನೆಂದು ಜಾರ್ಜ್ ಟರ್ನರ್ ಸಿಂಹಳದ ಗ್ರಂಥಗಳ ನೆರವಿನಿಂದ ಗುರುತಿಸಿದರು. ಅವನದೇ ಶಾಸನವೊಂದರಲ್ಲಿ ಅಶೋಕ ಎಂಬ ಹೆಸರೇ ಕಾಣಿಸಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.