ಕೋಸಿ ನದಿಯ ಮೀನೂ ಹೃದಯದ ಹೊರಪೊರೆಯೂ

ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನಲ್ಲಿರುವ ಏಷಿಯಾಟಿಕ್ ಸೊಸೈಟಿಯನ್ನು (ಸ್ಥಾಪನೆ 1784) ನಾವು ಶಾಸನ, ಹಸ್ತಪ್ರತಿಗಳ ಸಂಬಂಧದಲ್ಲಿಯೇ ನೆನೆಯುವುದು ವಾಡಿಕೆ. ಅದರ ಸಂಶೋಧನ ಸಂಪುಟಗಳಿಗೆ ಲೇಖನಗಳನ್ನಿತ್ತವರಲ್ಲಿ ವೈದ್ಯನಾದ ಫ್ರಾನ್ಸಿಸ್ ಬುಕನನ್ ಒಬ್ಬನು. ಶ್ರೀರಂಗಪಟ್ಟಣದ ಪತನಾನಂತರ, 1800-01ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ನಮ್ಮ ಹೊಲ, ಕೆರೆ, ಮಗ್ಗಗಳ ವಿವರವನ್ನು ಬರೆದಿಟ್ಟವನು ಈತನೇ. 1807ರಲ್ಲಿ ಹೊರಬಂದ ಆ ಮೂರು ಸಂಪುಟಗಳನ್ನು ನಮ್ಮ ಚರಿತ್ರಕಾರರು ಬಲ್ಲರು. ಆತನ ಮೀನಿನ ಗ್ರಂಥವನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಬಂಗಾಳದ ಸಮೀಕ್ಷೆಯನ್ನು ಮುಗಿಸಿ 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಆತನ ಚಿತ್ರಗಳನ್ನು ಸರ್ಕಾರವು ಕಲ್ಕತ್ತೆಯಲ್ಲಿಯೇ ತಡೆದಿರಿಸಿಕೊಂಡಿತು. ವಿದ್ವಾಂಸನಿಗೆ ಇದಕ್ಕಿಂತ ಕಠಿನವಾದ ಜಪ್ತಿಯುಂಟೆ? ಆದರೂ 1822ರಲ್ಲಿ, ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಎಡಿನ್‌ಬರೋದಲ್ಲಿ ಪ್ರಕಟಿಸಿದನು. ಕೋಸಿ ನದಿಯ ಒಂದು ಪುಟ್ಟ ಪಟ್ಟೆಮೀನು ಅದರಲ್ಲಿ ಮೊದಲಬಾರಿಗೆ ವರ್ಣಿತವಾಯಿತು. ಇಂದಿನ ವಿಜ್ಞಾನಿಗಳ ಜೀಬ್ರಾ ಮೀನು ಅದೇ.

ಹೃದಯಾಘಾತಕ್ಕೊಳಗಾದ ಮನುಷ್ಯನಲ್ಲಿ ಸತ್ತ ಸ್ನಾಯುವಿನ ಎಡೆಯಲ್ಲಿ ಕಲೆಗಟ್ಟುತ್ತದೆಯೇ ಹೊರತು ಹೊಸ ಸ್ನಾಯು ಗಣನೀಯವಾಗಿ ಬೆಳೆಯುವುದಿಲ್ಲ. ಈ ಮೀನಿನ ಹೃತ್ಕುಕ್ಷಿಯ ಐದನೆಯ ಒಂದು ಭಾಗವನ್ನು ಕತ್ತರಿಸಿದರೂ ಅದು ಸುಮಾರು 60 ದಿನಗಳಲ್ಲಿ ಮತ್ತೆ ಬೆಳೆಯುತ್ತದೆಂಬುದನ್ನು 2002ರಲ್ಲಿ ಪಾಸ್, ವಿಲ್ಸನ್, ಕೀಟಿಂಗ್ ಎಂಬವರು ತೋರಿಸಿದರು. ಗಾಯವಾದೊಡನೆ ಹೃದಯದ ಹೊರಪೊರೆಯು ಎಚ್ಚೆತ್ತು, ಅದರ ಕೋಶಗಳು ಗಾಯವನ್ನು ಆವರಿಸುವುದು 2006ರಲ್ಲಿ ಕಂಡುಬಂದಿತು. ಭ್ರೂಣಾವಸ್ಥೆಯಲ್ಲಿ ಹೃದಯದ ರಕ್ತನಾಳಗಳ ಭಿತ್ತಿಗೂ ಸಂಧಾನಕ ಅಂಗಾಂಶಕ್ಕೂ ಕೋಶಗಳನ್ನು ಒದಗಿಸುವುದು ಈ ಪೊರೆಯೇ. ಹಾಗಾದರೆ ಸ್ನಾಯುವಿಗೂ ಇದೇ ತವರೋ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಇಲ್ಲಿ ಆಸೆ ಪ್ರಮಾಣಕ್ಕಿಂತ ಮುಂದೆ ಓಡಿತೆನ್ನಬೇಕು. ಥೈಮೋಸಿನ್ ಬೀಟಾ-4 ಎಂಬ ದ್ರವ್ಯದಿಂದ ಇಲಿಯ ಹೊರಪೊರೆಯ ಜನಕಕೋಶಗಳು ಸ್ನಾಯುಕೋಶಗಳಾಗಬಲ್ಲವೆಂದು ಲಂಡನ್ನಿನ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಆದರೆ ಆ ದ್ರವ್ಯವನ್ನು ಅವರು ಗಾಯಕ್ಕೆ ಮುಂಚೆಯೇ ಕೊಡತೊಡಗಿದ್ದರು. ಗಾಯದ ಬಳಿಕ ಕೊಟ್ಟಾಗ ಅಂಥ ಪರಿವರ್ತನೆ ಕಾಣದೆಂದು 2012ರಲ್ಲಿ ಮತ್ತೊಂದು ತಂಡ ವರದಿ ಮಾಡಿತು. ರೋಗಿ ಆಸ್ಪತ್ರೆಗೆ ಬರುವುದು ಆಘಾತವಾದ ಮೇಲೆ ತಾನೆ! ಮೀನಿನಲ್ಲಿಯೂ ಹೊಸ ಸ್ನಾಯು ಹುಟ್ಟುವುದು ಅಳಿದುಳಿದ ಹಳೆಯ ಸ್ನಾಯುಕೋಶಗಳ ವಿಭಜನೆಯಿಂದ ಎಂಬುದನ್ನು 2010ರಲ್ಲಿ ಎರಡು ತಂಡಗಳು ಸ್ಥಾಪಿಸಿದ್ದವು.

ಆದ್ದರಿಂದ ಹೊರಪೊರೆ ನಿಷ್ಪ್ರಯೋಜಕವೆಂದಲ್ಲ. ಅದನ್ನು ನಾಶಗೊಳಿಸಿದ ಮೀನುಗಳಲ್ಲಿ ಸ್ನಾಯುವಿನ ಬೆಳವಣಿಗೆ ಕುಂಠಿತವಾದುದೂ, ಪೊರೆಯು ತಾನೇ ಮರಳಿ ಬೆಳೆದುದೂ 2015ರಲ್ಲಿ ತಿಳಿದುಬಂದಿತು. ಅದು ಸ್ನಾಯುವಿನ ಜನನಿಯಲ್ಲ, ಸೂಲಗಿತ್ತಿ. ಮನುಷ್ಯನಲ್ಲಿ ಆಕೆಯನ್ನು ಎಬ್ಬಿಸುವ ಚಿಕಿತ್ಸೆ ಇನ್ನೂ ರೂಢಿಗೆ ಬಂದಿಲ್ಲ.